ನಮ್ಮ ಹೈಸ್ಕೂಲಿಗೆ ಎಐ ಮನಸ್ಸಿನ ತಪಾಸಣೆ ತರ್ತಾರಂತೆ. ಒಪ್ಪಬೇಕಾ?

ಚಿತ್ತಾಪುರ ಮಾಸ್ತರ್

ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಒಂದು ಕಂಪನಿಯ ಇಬ್ಬರು ಟ್ಯಾಬ್ ಹಿಡಿದುಕೊಂಡು ಬಂದಿದ್ದರು. ಎಂಟರಿಂದ ಹತ್ತನೇ ತರಗತಿ ಮಕ್ಕಳಿಗೆ ನಲವತ್ತು ಪ್ರಶ್ನೆ ಕೇಳ್ತಾರಂತೆ. ಯಾವ ಮಗುವಿಗೆ ಮುಂದೆ ಮನಸ್ಸಿನ ಕಾಯಿಲೆ ಬರಬಹುದು ಅಂತ ಎಐ ಮೊದಲೇ ಹೇಳುತ್ತಂತೆ. ಹೆಸರಿನ ಮುಂದೆ ಕೆಂಪು, ಹಳದಿ ಇಲ್ಲವೇ ಹಸಿರು ಚುಕ್ಕೆ ಬೀಳುತ್ತೆ. ಮೊದಲ ವರ್ಷ ದುಡ್ಡಿಲ್ಲ. ಶನಿವಾರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಇದೆ. "ನೀವು ಸೈನ್ಸ್ ಮಾಸ್ತರು, ಓದಿ ನೋಡಿ ಹೇಳ್ರಿ" ಅಂದಿದ್ದಾರೆ ಹೆಡ್‌ಮಾಸ್ತರು.

ನನಗೆ ಕೂಡಲೇ ಹೂಂ ಅನ್ನಬೇಕು ಅನಿಸಿತು. ಯಾಕೆ ಅಂತ ಹೇಳ್ತೀನಿ.

ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅವ್ವ ದುಡಿಯೋಕೆ ಪುಣೆಗೆ ಗುಳೆ ಹೋಗಿದ್ದರು. ಇವಳು ಊರಲ್ಲಿ ಆಯಿ ಜೊತೆ. ದೀಪಾವಳಿ ಆದ ಮೇಲೆ ಕ್ಲಾಸಿನಲ್ಲಿ ತೂಕಡಿಸೋಕೆ ಶುರು ಮಾಡಿದಳು. ಅವಳ ನೋಟ್ಸ್ ಇನ್ನೂ ನನ್ನ ಕಣ್ಣ ಮುಂದಿದೆ. ಪುಟದ ಮೇಲ್ಗಡೆ ಅಕ್ಷರ ಮುತ್ತಿನ ಹಾಗೆ. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಸಾಲು ಕೆಳಕ್ಕೆ ಜಾರೋದು. ಕೊನೆಯ ಅಕ್ಷರದ ಬಾಲ ಗೆರೆಯಾಗಿ ಪುಟದ ಅಂಚಿನ ತನಕ ಎಳೆದುಕೊಂಡು ಹೋಗಿರೋದು. ಪೆನ್ನು ಹಿಡಿದ ಹಾಗೇ ನಿದ್ದೆ ಹೋಗಿರ್ತಿದ್ದಳು. ಅಂಥವು ಹನ್ನೊಂದು ಪುಟ ಇದ್ದವು. ನಾನು ಕೆಂಪು ಶಾಯಿಯಲ್ಲಿ ‘ಅಕ್ಷರ ಸುಧಾರಿಸು’ ಅಂತ ಬರೆದು ಸಹಿ ಹಾಕಿದೆ. ಎರಡು ಸಲ ಎಲ್ಲರ ಮುಂದೆ ನಿಲ್ಲಿಸಿ ಬೈದೆ.

ಸಂಕ್ರಾಂತಿ ಹೊತ್ತಿಗೆ ಅವಳು ಶಾಲೆ ಬಿಟ್ಟಳು. ಊಟ ಬಿಟ್ಟಿದ್ದಳು, ಮಾತೂ ಬಿಟ್ಟಿದ್ದಳು. ಮನೆಯವರು ಮೊದಲು ಗಾಣಗಾಪುರಕ್ಕೆ ಕರೆದುಕೊಂಡು ಹೋದರು. ಆಮೇಲೆ ಕಲಬುರಗಿಯ ದವಾಖಾನೆಗೆ. ಈಗ ಆರಾಮ ಇದ್ದಾಳೆ, ಒಂದು ವರ್ಷ ತಡವಾಗಿ ಹತ್ತನೇ ತರಗತಿಯನ್ನೂ ಮುಗಿಸಿದಳು. ಆದರೆ ಆ ಹನ್ನೊಂದು ಪುಟ ನೋಡಿಯೂ ನನಗೆ ಗೊತ್ತಾಗಲಿಲ್ಲ. ಯಂತ್ರಕ್ಕೆ ಗೊತ್ತಾಗ್ತಿತ್ತಾ? ತಿಳಿದವರು ದಯವಿಟ್ಟು ಹೇಳಿ.

ಭಾಲ್ಕಿ ಹುಡುಗ

ಸರ್, ನಮಸ್ಕಾರ. ನಾನು ಭಾಲ್ಕಿಯವನು, ಈಗ ಹೈದರಾಬಾದಿನಲ್ಲಿ ಡೇಟಾ ಕೆಲಸ ಮಾಡ್ತೀನಿ. ನೀವು ಕೇಳಿದ್ದಕ್ಕೆ ತೀರಾ ಹತ್ತಿರದ ಒಂದು ಅಧ್ಯಯನ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ್ದು, 2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಎಬಿಸಿಡಿ ಅಂತ ಒಂದು ದೊಡ್ಡ ಸಮೀಕ್ಷೆ ನಡೀತಿದೆ. 9-10 ವಯಸ್ಸಿನಲ್ಲಿ ಸೇರಿಸಿಕೊಂಡ 11,000ಕ್ಕೂ ಜಾಸ್ತಿ ಮಕ್ಕಳನ್ನು ವರ್ಷ ವರ್ಷ ಕೇಳಿ ನೋಡಿ ಬರೆದಿಟ್ಟಿದ್ದಾರೆ. ಆ ಮಾಹಿತಿ ಮೇಲೆ ಎಐ ತರಬೇತಿ ಮಾಡಿದರು. ಮುಂದಿನ ಒಂದು ವರ್ಷದಲ್ಲಿ ಯಾವ ಮಗು ಹೆಚ್ಚಿನ ಅಪಾಯದ ಗುಂಪಿಗೆ ಹೋಗುತ್ತೆ ಅಂತ ಹೇಳೋದು ಅದರ ಕೆಲಸ.

ಅದರಲ್ಲಿ ನಿಮಗೆ ಬೇಕಾದ ವಿಷಯ ಇದು. ಯಾವ ಪ್ರಶ್ನೆಯ ಉತ್ತರ ಯಂತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ಸುಳಿವು ಕೊಡ್ತು ಗೊತ್ತಾ ಸರ್? ನಿದ್ದೆಯದು. ಚಿಕ್ಕಂದಿನಲ್ಲಿ ಪಟ್ಟ ಕಷ್ಟ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತಾ ಅನ್ನೋದು, ಇವೆಲ್ಲಕ್ಕಿಂತ ನಿದ್ದೆ ಕೆಟ್ಟಿದೆಯಾ ಅನ್ನೋದು ಮುಂದಿತ್ತು. ಮಿದುಳಿನ ಸ್ಕ್ಯಾನ್ ಸೇರಿಸಿಯೂ ನೋಡಿದರು, ಅದರಿಂದ ಊಹೆಯೇನೂ ಸುಧಾರಿಸಲಿಲ್ಲ. ನಿಮ್ಮ ಹುಡುಗಿಯ ಹನ್ನೊಂದು ಪುಟ ಓದಿದಾಗ ಮೈ ಜುಂ ಅಂತು ನನಗೆ.

ಚಿತ್ತಾಪುರ ಮಾಸ್ತರ್

ತಮ್ಮಾ, ಇದು ಗೊತ್ತಿರಲಿಲ್ಲ. ಕಂಪನಿಯವರು 84 ಅಂತ ಏನೋ ಒಂದು ಅಂಕಿ ಹೇಳ್ತಿದ್ದರು. ನೂರಕ್ಕೆ 84 ಸರಿ ಹೇಳುತ್ತೆ ಅಂದರೆ ನಮ್ಮ ಎಷ್ಟೋ ಪರೀಕ್ಷೆಗಳಿಗಿಂತ ವಾಸಿ ಅಲ್ವಾ?

ಭಾಲ್ಕಿ ಹುಡುಗ

ಅಲ್ಲೇ ಎಲ್ಲರೂ ಎಡವೋದು ಸರ್. ಆ ಡ್ಯೂಕ್ ಅಧ್ಯಯನದಲ್ಲೂ ಇದೇ 84 ಇದೆ. 84 ಅಂದರೆ ನೂರು ಮಕ್ಕಳಲ್ಲಿ 84 ಮಕ್ಕಳ ಭವಿಷ್ಯ ಸರಿ ಹೇಳ್ತು ಅಂತ ಅಲ್ಲ. ಮುಂದೆ ಅಪಾಯಕ್ಕೆ ಹೋಗುವ ಒಂದು ಮಗು, ಹೋಗದಿರುವ ಒಂದು ಮಗು, ಹೀಗೆ ಇಬ್ಬರನ್ನು ಯಂತ್ರದ ಮುಂದೆ ನಿಲ್ಲಿಸಿ. ಇಬ್ಬರಲ್ಲಿ ಯಾರಿಗೆ ಅಪಾಯ ಜಾಸ್ತಿ ಅಂತ ನೂರರಲ್ಲಿ 84 ಸಲ ಸರಿಯಾಗಿ ತೋರಿಸುತ್ತೆ. ಅದರ ಅರ್ಥ ಅಷ್ಟೇ. ಸದ್ಯದ ತೊಂದರೆಗಳನ್ನು ಕೇಳದೆ, ನಿದ್ದೆ, ಮನೆಯ ಜಗಳದಂಥ ಕಾರಣಗಳನ್ನು ಮಾತ್ರ ಕೊಟ್ಟರೆ ಅದು 75ರ ಹತ್ತಿರಕ್ಕೆ ಇಳಿಯುತ್ತೆ.

ನಿಮ್ಮ ಶಾಲೆಯಲ್ಲಿ 300 ಮಕ್ಕಳು ಅಂತ ಇಟ್ಟುಕೊಳ್ಳಿ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಮನಸ್ಸಿನ ಕಾಯಿಲೆ ಕಂಡಿತ್ತು. 12 ರಾಜ್ಯಗಳಲ್ಲಿ ಮಾಡಿದ್ದು, ಅದರಲ್ಲಿ ಕರ್ನಾಟಕ ಇರಲಿಲ್ಲ. ಇರಲಿ, ಲೆಕ್ಕಕ್ಕೆ ಅದನ್ನೇ ಹಿಡಿಯೋಣ. ಹಾಗಾದರೆ ನಿಮ್ಮಲ್ಲಿ 22 ಮಕ್ಕಳು. ಯಂತ್ರ ಕಾಯಿಲೆ ಇರೋರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುತ್ತೆ, ಇಲ್ಲದವರಲ್ಲಿ ನೂರಕ್ಕೆ 20 ಮಂದಿಗೆ ತಪ್ಪಾಗಿ ಕೆಂಪು ಹಚ್ಚುತ್ತೆ ಅಂತ ಇಟ್ಟುಕೊಳ್ಳಿ. 22ರಲ್ಲಿ 18 ಸಿಕ್ಕರು, 4 ಮಂದಿ ತಪ್ಪಿಹೋದರು. ಉಳಿದ 278ರಲ್ಲಿ ಸುಮಾರು 56 ಮಕ್ಕಳಿಗೆ ಸುಮ್ನೆ ಕೆಂಪು ಚುಕ್ಕೆ. ಒಟ್ಟು 74 ಕೆಂಪು, ಅದರಲ್ಲಿ ನಾಲ್ಕಕ್ಕೆ ಒಂದು ಮಾತ್ರ ನಿಜ.

ಅಮೆರಿಕದ ಯಂತ್ರವನ್ನೇ ಇಲ್ಲಿಗೆ ತಂದರೆ ಇಷ್ಟಾದರೂ ನಡೆಯುತ್ತೆ ಅನ್ನೋ ಭರವಸೆ ಕೂಡ ನನಗಿಲ್ಲ. ನಿಮ್ಮ ಕಂಪನಿಯವರು ಯಾವ ಮಕ್ಕಳ ಮೇಲೆ ತರಬೇತಿ ಮಾಡಿದ್ದಾರೆ ಅಂತ ಮೊದಲು ಕೇಳಿ.

ಸುರಪುರದ ತಾಯಿ

ಆ 56 ಮಕ್ಕಳಲ್ಲಿ ನನ್ನ ಮಗಳು ಒಬ್ಬಳಾದರೆ? ಅದೊಂದೇ ನನ್ನ ಪ್ರಶ್ನೆ ಸರ್. ನಮ್ಮ ಕಡೆ ಹುಡುಗಿ ಒಂದು ಸಲ ಮನಸ್ಸಿನ ಡಾಕ್ಟರ್ ಹತ್ತಿರ ಹೋಗಿ ಬಂದಳು ಅಂತ ಓಣಿಯಲ್ಲಿ ಗೊತ್ತಾದರೆ ಸಾಕು. ನಾಳೆ ನೆಂಟಸ್ತನ ಕೇಳೋಕೆ ಬಂದವರು ಬಾಗಿಲಿಗೆ ಬಂದು ತಿರುಗಿ ಹೋಗ್ತಾರೆ. "ತಲಿ ಸರಿ ಇಲ್ಲಂತ" ಅನ್ನೋ ಒಂದು ಮಾತು ಸಾಕು. ನೀವು ಗಂಡಸರು ಅಂಕಿ ಹೇಳ್ತೀರಿ. ಹೆತ್ತವಳಿಗೆ ಅಂಕಿ ಒಂದೇ ಇರುತ್ತೆ, ಅದು ತನ್ನ ಮಗು. ಆ ಪಟ್ಟಿ ಯಾರ ಮೇಜಿನ ಮೇಲೆ ಇರುತ್ತೆ? ಅಟೆಂಡರ್ ನೋಡ್ತಾನಾ? ಮೊದಲು ಅದನ್ನು ಹೇಳಿ.

ಆಳಂದ ಮೆಡಿಕಲ್

ಅಕ್ಕಾ, ನಿಮ್ಮ ಭಯ ತಪ್ಪಲ್ಲ. ಆದರೆ ನನ್ನದನ್ನೂ ಒಂದು ಸಲ ಕೇಳಿ.

ನನ್ನ ತಮ್ಮ ಪಿಯು ಓದೋಕೆ ಅಂತ ಬೇರೆ ಊರಿನ ಹಾಸ್ಟೆಲ್‌ನಲ್ಲಿದ್ದ. ಈಗ ಇಲ್ಲ. ಆರು ತಿಂಗಳು ಅವನು ರಾತ್ರಿ ಒಂದು, ಎರಡು ಗಂಟೆಗೆ ನನಗೆ ಮೆಸೇಜ್ ಹಾಕ್ತಿದ್ದ. ‘ಅಣ್ಣಾ ಎಚ್ಚರ ಇದ್ದೀಯಾ’ ಅಂತ ಅಷ್ಟೇ. ನಾನು ಬೆಳಿಗ್ಗೆ ಎದ್ದು ‘ಯಾಕೋ’ ಅಂತ ಕೇಳ್ತಿದ್ದೆ. ‘ಏನಿಲ್ಲ’ ಅನ್ನೋನು. ನಾನು ಔಷಧಿ ಅಂಗಡಿ ನಡೆಸೋನು, ದಿನಕ್ಕೆ ನೂರು ಚೀಟಿ ಓದ್ತೀನಿ. ನನ್ನ ಫೋನಿನಲ್ಲೇ ಇದ್ದ ಚೀಟಿ ಓದಲಿಲ್ಲ.

2022 ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ತಾವಾಗಿಯೇ ಜೀವ ಕಳೆದುಕೊಂಡರು ಅಂತ ಸರ್ಕಾರದ ಅಪರಾಧ ದಾಖಲೆ ಬ್ಯೂರೋ ವರದಿಯಲ್ಲೇ ಇದೆ. ಅದರಲ್ಲಿ ಎಷ್ಟು ಮನೆಗಳಲ್ಲಿ ನನ್ನ ಹಾಗೆ ಫೋನು ತಿರುಗಿಸಿ ತಿರುಗಿಸಿ ನೋಡ್ತಿರಬಹುದು! 56 ಮಕ್ಕಳ ಜೊತೆ ಯಾರಾದರೂ ಸುಮ್ನೆ ಒಂದು ಅರ್ಧ ಗಂಟೆ ಕೂತು ಮಾತಾಡಿದರೆ ನಷ್ಟ ಏನು? ಆ 18ರಲ್ಲಿ ಒಬ್ಬ ಉಳಿದರೂ ಸಾಕು ನನಗೆ. ಯಂತ್ರ ಬರಲಿ ಅನ್ನೋನು ನಾನು.

ಸುರಪುರದ ತಾಯಿ

ಅಣ್ಣಾ, ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ. ಇವತ್ತು ರಾತ್ರಿ ಮಗಳ ಪಕ್ಕ ಮಲಗ್ತೀನಿ.

ತಾಲ್ಲೂಕು ದವಾಖಾನೆ ಸಿಸ್ಟರ್

ಎರಡೂ ಕಡೆ ಓದಿ ಕಣ್ಣು ತುಂಬಿ ಬಂತು. ನಾನು ಯಾದಗಿರಿ ಜಿಲ್ಲೆಯಲ್ಲಿ ನರ್ಸ್. ಕೆಲಸದಲ್ಲಿ ಕಂಡಿದ್ದನ್ನು ಹೇಳ್ತೀನಿ.

ಮನಸ್ಸಿನ ಕಾಯಿಲೆಗಳಲ್ಲಿ ಮೂರರಲ್ಲಿ ಒಂದು ಪಾಲು 14 ವಯಸ್ಸಿನ ಒಳಗೇ, ಅರ್ಧದಷ್ಟು 18ರ ಒಳಗೇ ಶುರುವಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ಹತ್ತಿರ ಬರೋ ಹೊತ್ತಿಗೆ ಹುಡುಗನಿಗೆ ಇಪ್ಪತ್ತು ದಾಟಿರುತ್ತೆ. ಅಷ್ಟರೊಳಗೆ ದರ್ಗಾ, ಗಾಣಗಾಪುರ, ತಾಯತ ಎಲ್ಲ ಆಗಿರುತ್ತೆ. ಅಲ್ಲಿಗೆ ಹೋಗಬೇಡಿ ಅಂತ ನಾನು ಹೇಳೋದಿಲ್ಲ. ಕಷ್ಟದಲ್ಲಿ ದೇವರ ಹತ್ತಿರ ಹೋಗದೆ ಇನ್ನೆಲ್ಲಿ ಹೋಗ್ತಾರೆ? ಅಲ್ಲಿಗೂ ಹೋಗಿ, ಇಲ್ಲಿಗೂ ಬನ್ನಿ ಅಂತೀನಿ.

ಸಹಾಯವೇ ಇಲ್ಲ ಅಂತ ತಿಳಿಯಬೇಡಿ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ದವಾಖಾನೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ. ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ. ಟೆಲಿ ಮಾನಸ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. ಇನ್ನೊಂದು ಮಾತು. ಇವತ್ತು ದೇಶದ ಜಿಲ್ಲೆಗಳಲ್ಲಿ ನಡೆಯುವ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ನಮ್ಮ ಪಕ್ಕದ ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಸ್ಟರುಗಳಿಗೇ ಕಲಿಸಿ ಮಾಡಿಸಿದರು. ದೊಡ್ಡ ಡಾಕ್ಟರು ಇಲ್ಲದ ಕಡೆಯೂ ಕೆಲಸ ಆಗುತ್ತೆ ಅಂತ ನಮ್ಮ ಸೀಮೆಯೇ ತೋರಿಸಿತು.

ಆದರೆ ಮಾಸ್ತರೇ, ಒಂದೇ ದಿನ 74 ಮಕ್ಕಳನ್ನು ನಮ್ಮ ಕಡೆ ಕಳಿಸಿದರೆ ನಾವು ಏನು ಮಾಡೋದು? ಒಂದು ಮಗುವಿನ ಬಾಯಿ ಬಿಡಿಸೋಕೇ ಮುಕ್ಕಾಲು ಗಂಟೆ ಬೇಕು.

ಫರ್ಸಿ ಮನೆ

ನಿದ್ದೆ ವಿಷಯಕ್ಕೆ ಬರ್ತೀನಿ. ನಾನು ಶಹಾಬಾದಿನವನು. ನಮ್ಮ ಮನೆಗೆ ಮಾಳಿಗೆಯೂ ಫರ್ಸಿ, ನೆಲವೂ ಫರ್ಸಿ. ಏಪ್ರಿಲ್, ಮೇ ಬಂದರೆ ಹಗಲಿಡೀ ಕಾದ ಕಲ್ಲು ನಡುರಾತ್ರಿ ತನಕ ಬಿಸಿ ಉಗುಳುತ್ತೆ. ಗೋಡೆಗೆ ಕೈ ಇಟ್ಟರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ಮಾಳಿಗೆ ಮೇಲೆ ನೀರು ಸುರಿದು ಕೌದಿ ಹಾಸಿ ಮಲಗ್ತೀವಿ. ಕರೆಂಟ್ ಹೋದರೆ ಸೊಳ್ಳೆ. ನಸುಕಿನಲ್ಲಿ ನಳ ಬಂತು ಅಂದರೆ ಕೊಡ ಹಿಡಿದು ಓಡೋರು ಹುಡುಗೀರೇ. ಅಮೆರಿಕದಲ್ಲಿ ನಿದ್ದೆ ಬರದ ಮಗು ಬೇರೆ, ಇಲ್ಲಿ ನಿದ್ದೆ ಸಿಗದ ಮಗು ಬೇರೆ. ಬೇಸಿಗೆಯಲ್ಲಿ ಆ ಟ್ಯಾಬ್ ಕೊಟ್ಟರೆ ನಮ್ಮ ಇಡೀ ಓಣಿಗೆ ಕೆಂಪು ಚುಕ್ಕೆ ಬೀಳುತ್ತೆ.

ತಾಲ್ಲೂಕು ದವಾಖಾನೆ ಸಿಸ್ಟರ್

ನೂರಕ್ಕೆ ನೂರು ನಿಜ ಅಣ್ಣಾ. ಆದರೆ ಕಾರಣ ಯಾವುದಾದರೂ ಇರಲಿ, ತಿಂಗಳುಗಟ್ಟಲೆ ನಿದ್ದೆ ಸಿಗದಿದ್ದರೆ ಮನಸ್ಸಿಗೆ ಪೆಟ್ಟು ಬಿದ್ದೇ ಬೀಳುತ್ತೆ. ಅದಕ್ಕೇ ‘ನಿದ್ದೆ ಬರ್ತದಾ’ ಅಂತ ಕೇಳಿ ಚುಕ್ಕೆ ಹಚ್ಚಿದರೆ ಸಾಲದು. ‘ಯಾಕೆ ಬರಲ್ಲ’ ಅಂತಲೂ ಕೇಳಬೇಕು. ನಸುಕಿನಲ್ಲಿ ನೀರಿಗೆ ಓಡೋದೇ ಕಾರಣ ಆಗಿದ್ದರೆ ಮನೆಯವರಿಗೆ ಹೇಳೋಣ. ಕಾರಣವೇ ಇಲ್ಲದೆ ನಸುಕಿನಲ್ಲಿ ಎಚ್ಚರವಾಗಿ ಎದೆ ಭಾರ ಅಂದರೆ ನಮ್ಮ ಹತ್ತಿರ ಕರೆತನ್ನಿ.

ಸೆಕೆಂಡ್ ಪಿಯು

ಇಲ್ಲಿ ಎಲ್ಲರೂ ದೊಡ್ಡವರೇ ಮಾತಾಡ್ತಿದ್ದೀರಿ, ಅದಕ್ಕೆ ಬರೀತಿದ್ದೀನಿ. ನಾನು ಕಲಬುರಗಿಯಲ್ಲಿ ಓದ್ತಿರೋ ಹುಡುಗಿ. ನಮ್ಮ ಹಾಸ್ಟೆಲ್‌ನಲ್ಲೂ ಇಂಥ ಒಂದು ಫಾರ್ಮ್ ಕೊಟ್ಟಿದ್ದರು. ‘ಕಳೆದ ಎರಡು ವಾರಗಳಲ್ಲಿ ನೀವು ಖಿನ್ನತೆಯನ್ನು ಅನುಭವಿಸಿದ್ದೀರಾ?’ ಅಂತ ಇತ್ತು. ಪಕ್ಕದವಳು "ಖಿನ್ನತೆ ಅಂದ್ರ ಏನೇ?" ಅಂದಳು. ನಾವು ಯಾರೂ ಮನೇಲಿ ಆ ಮಾತು ಆಡಲ್ಲ. ಬ್ಯಾಸರ ಅಂತೀವಿ. ಮನಸಿಗಿ ತ್ರಾಸ ಆಗ್ಯಾದ ಅಂತೀವಿ. ಎದಿ ಧಸಕ್ ಅಂತದ ಅಂತೀವಿ. ಅವಳು ‘ಇಲ್ಲ’ ಅಂತ ಟಿಕ್ ಹಾಕಿದಳು. ಹಿಂದೆ ವಾರ್ಡನ್ ನಿಂತಿದ್ದರು. ನಾನೂ ಎಲ್ಲದಕ್ಕೂ ‘ಇಲ್ಲ’ ಹಾಕಿದೆ. ಅವತ್ತು ನಾನು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

2025ರ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕಡೆಯದು. ನೂರಕ್ಕೆ 42ರಷ್ಟು ಪಾಸು. ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅವತ್ತು ಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಎಷ್ಟೋ ಹುಡುಗೀರಿಗೆ "ಓದಿದ್ದು ಸಾಕು" ಅಂತ ಆಗಿಹೋಯ್ತು. ಆ ವಾರ ಮನೆಮನೆಗೆ ಯಾರಾದರೂ ಬಂದು ಕೇಳಿದ್ದರೆ ಯಂತ್ರ ಬೇಕಿರಲಿಲ್ಲ. ನಮಗೆ ಬೇಕಾಗಿದ್ದು, ಹೇಳಿದರೆ ಅವ್ವಗೆ, ಸರ್‌ಗೆ, ಓಣಿಗೆ ಹೋಗಿ ಮುಟ್ಟಿಸದೆ ಕೇಳಿಸಿಕೊಳ್ಳೋ ಒಬ್ಬರು.

ಗುಲ್ಬರ್ಗಾ ಎಂಎಸ್‌ಡಬ್ಲ್ಯೂ

ತಂಗೀ, ನೀನು ಹೇಳಿದ್ದನ್ನೇ ಬಿಹಾರದಲ್ಲಿ ಅಳೆದು ನೋಡಿದ್ದಾರೆ. ಸೆಹೆರ್ ಅಂತ ಅದರ ಹೆಸರು. ನಾಳಂದಾ ಜಿಲ್ಲೆಯ 74 ಸರ್ಕಾರಿ ಹೈಸ್ಕೂಲುಗಳಲ್ಲಿ ಮಾಡಿದ್ದು, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗೆ ತರಬೇತಿ ಕೊಟ್ಟ ಒಬ್ಬ ಆಪ್ತಸಮಾಲೋಚಕರನ್ನು ಇಟ್ಟರು. ಮನೋವೈದ್ಯರಲ್ಲ, ಸಾಮಾನ್ಯ ಜನರೇ. ಕೆಲವು ಶಾಲೆಯಲ್ಲಿ ಅದೇ ಕೆಲಸವನ್ನು ಇದ್ದ ಶಿಕ್ಷಕರಿಗೇ ಹಚ್ಚಿದರು. ಸಮಾಲೋಚಕರು ಇದ್ದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣ, ಹೊಡೆದಾಟ, ಪೀಡಿಸೋದು ಎಲ್ಲ ಇಳಿಯಿತು. ಶಿಕ್ಷಕರಿಗೆ ಹಚ್ಚಿದ ಶಾಲೆಗಳಲ್ಲಿ ಅಂಥ ಫಲ ಕಾಣಲಿಲ್ಲ. ಮಾಸ್ತರೇ, ಇದು ನಿಮ್ಮ ಮೇಲಿನ ದೂರಲ್ಲ. ಪಾಠ, ಗಣತಿ, ಬಿಸಿಯೂಟ, ಚುನಾವಣೆ ಡ್ಯೂಟಿ ಎಲ್ಲ ನಿಮ್ಮ ತಲೆ ಮೇಲೇ ಇರುವಾಗ ಇದನ್ನೂ ಹೊರಿಸಿದರೆ ಆಗಲ್ಲ.

ಕೋರ್ಟ್ ರಸ್ತೆ

ವಕೀಲಳಾಗಿ ಕೆಲವು ಮಾತು. ಎಂಎಸ್‌ಡಬ್ಲ್ಯೂ ಅವರು ಹೇಳಿದ ಸಮಾಲೋಚಕರನ್ನು ಕೇಳೋಕೆ ನಿಮಗೆ ಈಗ ಬಲ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಶಿಕ್ಷಣ ಸಂಸ್ಥೆಯಲ್ಲಿ ಅರ್ಹರಾದ ಒಬ್ಬ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಾಮಾಜಿಕ ಕಾರ್ಯಕರ್ತರೋ ಇರಲೇಬೇಕು. ಎಸ್‌ಡಿಎಂಸಿ ಠರಾವು ಮಾಡಿ ಮೇಲಕ್ಕೆ ಬರೆಯಲಿ. ಮತ್ತೆ ಮತ್ತೆ ಬರೆಯಲಿ.

ಸುರಪುರದ ಅಕ್ಕ ಕೇಳಿದ್ದಕ್ಕೆ ಉತ್ತರ: 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ತೆಗೆದುಕೊಳ್ಳೋಕೆ ತಂದೆ ತಾಯಿಯ ಒಪ್ಪಿಗೆ ಬೇಕು, ಅದು ನಿಜವಾದ ಒಪ್ಪಿಗೆ ಅಂತ ಪರೀಕ್ಷಿಸೋಕೂ ಬರಬೇಕು. ಹೆಡ್‌ಮಾಸ್ತರು ಒಬ್ಬರು ಸಹಿ ಮಾಡಿದರೆ ಅದು ಒಪ್ಪಿಗೆ ಆಗಲ್ಲ. ಮಕ್ಕಳ ನಡವಳಿಕೆ ಮೇಲೆ ಕಣ್ಣಿಡೋದಕ್ಕೂ ಆ ಕಾಯ್ದೆಯಲ್ಲಿ ತಡೆ ಇದೆ, ಕೆಲವು ವಿನಾಯಿತಿ ಬಿಟ್ಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿಡೋದು ಅವರ ಹಕ್ಕು ಅಂತಲೇ ಬರೆದಿದೆ.

ಬ್ರಿಟನ್ನಿನಲ್ಲಿ 2014ರಲ್ಲಿ ಒಂದು ಸೇವಾಸಂಸ್ಥೆ ಒಳ್ಳೆ ಮನಸ್ಸಿನಿಂದಲೇ ಟ್ವಿಟರ್ ಬರಹ ನೋಡಿ ಯಾರು ಕಷ್ಟದಲ್ಲಿದ್ದಾರೆ ಅಂತ ಗೆಳೆಯರಿಗೆ ಸುಳಿವು ಕೊಡೋ ಆ್ಯಪ್ ಮಾಡಿತ್ತು. ಯಾರ ಬರಹ ನೋಡ್ತಿದ್ದರೋ ಅವರನ್ನು ಕೇಳಿರಲಿಲ್ಲ. ಜನ ತಿರುಗಿಬಿದ್ದರು, ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯ್ತು. ಮಾಸ್ತರೇ, ಕಂಪನಿಯವರಿಂದ ಎಲ್ಲವನ್ನೂ ಬರಹದಲ್ಲಿ ಕೇಳಿ. ಮಾಹಿತಿ ಎಲ್ಲಿರುತ್ತೆ, ಯಾವಾಗ ಅಳಿಸ್ತಾರೆ, ಎರಡನೇ ವರ್ಷ ಏನು ಮಾರ್ತಾರೆ ಅಂತ.

ಆಳಂದ ಮೆಡಿಕಲ್

ಎಲ್ಲ ಓದಿದೆ. ಯಂತ್ರ ಬೇಡ ಅಂತ ಈಗಲೂ ನಾನು ಅನ್ನಲ್ಲ. ಕೆಂಪು ಚುಕ್ಕೆ ಬಿದ್ದ ಮಗುವಿನ ಪಕ್ಕ ಮರುದಿನ ಕೂರೋರು ಯಾರು ಅಂತ ಗೊತ್ತಾದ ಮೇಲೆ ಬರಲಿ. ನನ್ನ ಅಂಗಡಿ ಬಾಗಿಲಿಗೆ 14416 ಅಂತ ದೊಡ್ಡದಾಗಿ ಬರೆಸಿದ್ದೀನಿ ಇವತ್ತು.

ಚಿತ್ತಾಪುರ ಮಾಸ್ತರ್

ಸಭೆ ಮುಗೀತು. ನೀವು ಹೇಳಿದ್ದನ್ನೆಲ್ಲ ಕಂಪನಿಯವರಿಗೆ ಕೇಳಿದೆ. ತರಬೇತಿ ಯಾವ ಮಕ್ಕಳ ಮೇಲೆ ಅಂದೆ. ‘ಹೊರದೇಶದ ಮಾಹಿತಿ, ಇಲ್ಲಿಯದು ಇನ್ಮೇಲೆ ಸಿಗುತ್ತೆ’ ಅಂದರು. ಇಲ್ಲಿಯದು ಅಂದರೆ ನಮ್ಮ ಮಕ್ಕಳದ್ದೇ. ಕೆಂಪು ಬಂದರೆ ಮುಂದೇನು ಅಂದೆ. ‘ವರದಿ ಕೊಡ್ತೀವಿ, ಅಲ್ಲಿಗೆ ನಮ್ಮ ಕೆಲಸ ಮುಗೀತು’ ಅಂದರು. ಒಬ್ಬ ತಾಯಿ ಎದ್ದು ನಿಂತು "ನಮ್ದು ಅಲ್ಲಿಂದ ಶುರು ಆಗ್ತದಲ್ರಿ" ಅಂದಳು. ಸದ್ಯಕ್ಕೆ ಬೇಡ ಅಂತ ತೀರ್ಮಾನ ಆಯ್ತು. ಸಮಾಲೋಚಕರು ಬೇಕು ಅಂತ ಠರಾವು ಬರೆದು ಕಳಿಸಿದ್ದೀವಿ.

ಬಿಹಾರದ ವಿಷಯ ಓದಿದ ಮೇಲೆ ನನ್ನಿಂದ ದೊಡ್ಡದೇನೂ ಆಗಲ್ಲ ಅಂತ ಗೊತ್ತಾಗಿದೆ. ಆದರೂ ನೋಟ್ಸ್ ತಿದ್ದುವಾಗ ಒಬ್ಬೊಬ್ಬರನ್ನೇ ಕರೆದು, ಬೇರೆಯವರಿಗೆ ಕೇಳದ ಹಾಗೆ ನಿದ್ದೆ ಹೆಂಗಿದೆ ಅಂತ ಕೇಳ್ತಿದ್ದೀನಿ. ಮೊನ್ನೆ ಹತ್ತನೇ ತರಗತಿಯ ಒಬ್ಬ ಹುಡುಗ, ಒಳ್ಳೆ ಮಾರ್ಕ್ಸ್ ತೆಗೆಯೋನು, ನೆಲ ನೋಡ್ತಾ ಹೇಳಿದ. "ಸರ್, ಮೂರ ಗಂಟೆಗಿ ಎಚ್ಚರ ಆಗ್ತದ. ಮತ್ತ ಬರಲ್ದು." ಎಷ್ಟು ದಿನದಿಂದ ಅಂದೆ. "ಗಣಪತಿ ಕೂಡ್ಸಿದ್ದರಲ್ರಿ, ಅವಾಗಿಂದ." ಅವನು ಒಪ್ಪಿದ ಮೇಲೆ ಅವನ ಅಪ್ಪನನ್ನು ಕರೆಸಿದೆ. ಮೂವರೂ ಕೂತು ಆ ನಂಬರಿಗೆ ಫೋನ್ ಮಾಡಿದೆವು. ಆ ಕಡೆಯವರು ಇಪ್ಪತ್ತು ನಿಮಿಷ ಅವನ ಜೊತೆ ಮಾತಾಡಿದರು, ನಾನು ಹೊರಗೆ ನಿಂತಿದ್ದೆ. ಮಂಗಳವಾರ ಅಪ್ಪ ಮಗ ತಾಲ್ಲೂಕು ದವಾಖಾನೆಗೆ ಹೋಗ್ತಾರೆ.

ಒಂದು ತೊಡಕು ಉಳಿದಿದೆ. ನಮ್ಮಲ್ಲಿ ತಾಂಡಾದಿಂದ ಬರೋ ಮಕ್ಕಳು ಜಾಸ್ತಿ. ಮನೇಲಿ ಲಂಬಾಣಿ ಮಾತಾಡ್ತಾರೆ. ಕನ್ನಡದಲ್ಲಿ ಕೇಳಿದರೆ ‘ಚೆನ್ನಾಗಿದೆ ಸರ್’ ಅಂತ ಓಡಿಬಿಡ್ತಾರೆ. ಆ ಮಾತು ಬಲ್ಲವರು ಯಾರಾದರೂ ಇದ್ದೀರಾ?

ಸೆಕೆಂಡ್ ಪಿಯು

ಸರ್, ನಮ್ಮದೂ ತಾಂಡಾನೇ. ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನದ ಬಸ್ಸಿಗೆ ಬರ್ತೀನಿ, ಯಾವ ಸ್ಟಾಪಿನಲ್ಲಿ ಇಳೀಬೇಕು ಹೇಳಿ.